ಬೇಳೆ ಮಿಲ್ಲಿನವರ ಇ-ಮೇಲ್ ಗುಂಪು: ಮೂರು ಸೀಸನ್ ಬಳಸಿದ ಮೇಲೆ

ನಿಮ್ಮ ಮಿಲ್ ಈ ಕ್ಷಣ ನಿಂತಿದೆ, ಲಾರಿ ಗೇಟಿನಲ್ಲಿದೆ, ಸಾಹುಕಾರರು ಫೋನಿನ ಮೇಲೆ ಫೋನ್ ಮಾಡುತ್ತಿದ್ದಾರೆ ಅಂದರೆ ಈ ಗುಂಪು ನಿಮ್ಮ ಕೆಲಸಕ್ಕೆ ಬರಲ್ಲ. ಮೊದಲೇ ಹೇಳಿಬಿಟ್ಟೆ. ಆಗ ಸೀದಾ ಗಂಜ್ ಕಡೆ ಹೋಗಿ, ಗೊತ್ತಿರುವ ಮೆಕ್ಯಾನಿಕ್ಕನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬನ್ನಿ. ಆದರೆ ಅದೇ ಮಿಲ್ ತಿಂಗಳಿಂದ ಒಂದೇ ತರಹ ಕಾಟ ಕೊಡುತ್ತಿದೆ, ಯಾರು ಬಂದು ನೋಡಿದರೂ ಕಾರಣ ಸಿಗುತ್ತಿಲ್ಲ ಅನ್ನುವುದಾದರೆ ಮುಂದೆ ಓದಿ.

ನಾನು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ತೊಗರಿ ಬೇಳೆ ಮಿಲ್ಲಿನ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಮೋಟರ್, ಬೆಲ್ಟ್, ಬಕೆಟ್ಟಿನಲ್ಲಿ ಮಾಲು ಮೇಲಕ್ಕೆ ಎತ್ತುವ ಎಲಿವೇಟರ್, ಕಂಪ್ರೆಸರ್, ಕಲರ್ ಸಾರ್ಟರ್ ಎಲ್ಲಾ ನನ್ನ ತಲೆಗೆ. ಆಫೀಸಿನ ಫ್ಯಾನ್ ಕೆಟ್ಟರೂ ನನ್ನನ್ನೇ ಕರೀತಾರೆ. ಓದಿದ್ದು ಐಟಿಐ. ಇ-ಮೇಲ್ ಅಂದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ಬಂದು ಬೀಳುವ ಜಾಗ ಅಂತಷ್ಟೇ ಗೊತ್ತಿತ್ತು. ಮೂರು ವರ್ಷದ ಹಿಂದೆ ಕಾಳು ಗೀರುವ ರೋಲರ್‌ಗೆ ಎಮರಿ (ಉಜ್ಜುವ ಒರಟು ಪುಡಿ) ಕೂರಿಸಲು ಲಾತೂರಿನಿಂದ ಒಬ್ಬ ಫಿಟ್ಟರ್ ಬಂದಿದ್ದರು. ಚಹಾ ಕುಡಿಯುತ್ತಾ, ಬೇಳೆ ಮಿಲ್ಲುಗಳಲ್ಲಿ ಕೈಗೆ ಗ್ರೀಸ್ ಹಚ್ಚಿಕೊಂಡು ಕೆಲಸ ಮಾಡುವವರದ್ದೇ ಒಂದು ಇ-ಮೇಲ್ ಗುಂಪಿದೆ ಅಂತ ಅವರೇ ಹೇಳಿದ್ದು. ನಾನು ನಕ್ಕೆ. ಮನೆಯಲ್ಲಿ ತಮ್ಮನ ಮಗ ಇನ್ನೂ ಜಾಸ್ತಿ ನಕ್ಕ. "ಕಾಕಾ, ಇನ್ನೂ ಇ-ಮೇಲ್ ಏನ್ರಿ?" ಅಂದ.

ಅವನು ನಕ್ಕಿದ್ದರಲ್ಲಿ ತಪ್ಪಿಲ್ಲ, ಹಳೇ ಪದ್ಧತಿಯೇ ಇದು. ಇಂಥ ಗುಂಪುಗಳನ್ನು ನಡೆಸುವ ಲಿಸ್ಟ್‌ಸರ್ವ್ ಅನ್ನೋ ಸಾಫ್ಟ್‌ವೇರ್ ಬಂದದ್ದು 1986ರಲ್ಲಿ. ವಾಟ್ಸಾಪ್ ಕಂಪನಿ ಶುರುವಾಗಿದ್ದು 2009ರಲ್ಲಿ. ಗುಂಪಿಗೆ ಒಂದು ಇ-ಮೇಲ್ ವಿಳಾಸ ಇರುತ್ತೆ. ನೀವು ಅದಕ್ಕೆ ಬರೆದರೆ ಮೊದಲು ಮಾಡರೇಟರ್ ಕೈಗೆ ಹೋಗುತ್ತೆ. ಅವರು ಓದಿ ಬಿಟ್ಟರೆ ಎಲ್ಲಾ ಸದಸ್ಯರಿಗೂ ತಲುಪುತ್ತೆ. ಯಾರಾದರೂ ಉತ್ತರ ಬರೆದರೆ ಅದೂ ಎಲ್ಲರಿಗೂ. ಇಷ್ಟೇ. ಹೊಸ ಆಪ್ ಬೇಡ, ಹೊಸ ಫೋನ್ ಬೇಡ, ದುಡ್ಡು ಬೇಡ.

ವಾಟ್ಸಾಪ್ ಗುಂಪು ನಮ್ಮಲ್ಲೂ ಇದೆ. ಬೆಳಗ್ಗೆ ಗುಲಾಬಿ ಹೂವು, ಹತ್ತು ಗಂಟೆಗೆ ತೊಗರಿ ರೇಟು, ಮಧ್ಯಾಹ್ನ ಯಾರದೋ ಹಳೇ ಟ್ರ್ಯಾಕ್ಟರ್ ಮಾರಾಟಕ್ಕೆ, ಸಂಜೆ ಯಾರದೋ ಮಗಳ ಕುಬಸ. ಇದರ ಮಧ್ಯೆ ಒಬ್ಬ ಪಾಪ ಗೇರ್‌ಬಾಕ್ಸಿಗೆ ಯಾವ ಆಯಿಲ್ ಹಾಕಬೇಕು ಅಂತ ಕೇಳಿರುತ್ತಾನೆ. ಬೆಳಗಾಗುವಷ್ಟರಲ್ಲಿ ಅವನ ಪ್ರಶ್ನೆ ಗುಲಾಬಿ ಹೂವಿನ ಅಡಿ ಹೂತುಹೋಗಿರುತ್ತೆ.

ಸೇರುವುದು ಸ್ವಲ್ಪ ಕಿರಿಕಿರಿ. ಅರ್ಜಿಯಲ್ಲಿ ಯಾವ ಊರು, ಎಂಥ ಮಿಲ್ಲು, ನಿಮ್ಮ ಕೈಯಲ್ಲಿ ಯಾವ ಕೆಲಸ, ಎಷ್ಟು ವರ್ಷದಿಂದ ಅಂತ ಬರೆಯಬೇಕು. ನನಗೆ ಐದು ದಿನ ಉತ್ತರವೇ ಬರಲಿಲ್ಲ. ಮಷಿನ್ ಮಾರುವವರು ಮಿಲ್ಲಿನವರ ವೇಷ ಹಾಕಿಕೊಂಡು ಒಳಗೆ ನುಗ್ಗುತ್ತಾರಂತೆ, ಅದಕ್ಕೇ ಈ ಸೋಸುವ ಕೆಲಸ. ಒಳಗೆ ಬಂದ ಮೇಲೆ ಎರಡು ಮಾತ್ರ ಕಟ್ಟುನಿಟ್ಟು: ಮಾಲಿನ ರೇಟು ಮಾತಾಡುವಂತಿಲ್ಲ, ನಮ್ಮ ಮಷಿನ್ ತಗೊಳ್ಳಿ ಅಂತ ಜಾಹೀರಾತು ಹಾಕುವಂತಿಲ್ಲ. ಕಲಬುರಗಿಯವನು ಅಂತ ಪರಿಚಯ ಬರೆದದ್ದಕ್ಕೆ ಇಂದೋರಿನ ಒಬ್ಬರು, "2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೇಳೆ ನಿಮ್ಮದೇ ಅಲ್ವಾ, ನೀವೇ ನಮಗೆ ಹೇಳಿಕೊಡಬೇಕು" ಅಂತ ಸ್ವಾಗತ ಮಾಡಿದರು. ಒಂದು ದಿನ ಪೂರ್ತಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ಮುಂದಿನ ವಾರವೇ ಆ ಉಬ್ಬು ಇಳಿಯಿತು.

ಆಗ ನಮ್ಮ ಕಲರ್ ಸಾರ್ಟರ್ ತಲೆ ತಿನ್ನುತ್ತಿತ್ತು. ನೋಡದೇ ಇದ್ದವರಿಗೆ ಹೇಳುತ್ತೇನೆ. ಬೇಳೆ ಮೇಲಿನಿಂದ ಇಳಿಜಾರು ತಗಡಿನ ಮೇಲೆ ತೆಳ್ಳಗೆ, ಪರದೆ ತರಹ ಜಾರಿ ಬೀಳುತ್ತೆ. ಕ್ಯಾಮೆರಾ ಒಂದೊಂದು ಬೇಳೆಯನ್ನೂ ನೋಡುತ್ತೆ. ಕಪ್ಪಾಗಿದ್ದು, ಸಿಪ್ಪೆ ಉಳಿದದ್ದು ಕಂಡರೆ ಅಲ್ಲಿರುವ ಸಣ್ಣ ವಾಲ್ವ್ ಟಕ್ ಅಂತ ಗಾಳಿ ಹೊಡೆದು ಆ ಒಂದು ಬೇಳೆಯನ್ನು ಪಕ್ಕಕ್ಕೆ ಹಾರಿಸುತ್ತೆ. ಮಷಿನ್ ಹತ್ತಿರ ನಿಂತರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ನಮ್ಮದರಲ್ಲಿ ಆಗುತ್ತಿದ್ದದ್ದು ಏನೆಂದರೆ, ದಿನದಲ್ಲಿ ಯಾವಾಗಲೋ ಒಂದಷ್ಟು ಹೊತ್ತು ಕಪ್ಪು ಬೇಳೆ ಒಳ್ಳೆಯದರ ಜೊತೆಗೇ ಚೀಲಕ್ಕೆ ಬೀಳುತ್ತಿತ್ತು. ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಕಂಪನಿ ಕಡೆಯಿಂದ ಸರ್ವಿಸ್ ಇಂಜಿನಿಯರ್ ಎರಡು ಸಲ ಬಂದರು. ಎರಡು ಸಲವೂ ಬೆಳಗ್ಗೆ ಹತ್ತಕ್ಕೆ ಬಂದರು, ಗಾಜು ಒರೆಸಿದರು, ಸೆಟ್ಟಿಂಗ್ ಮುಟ್ಟಿದರು, ಒಂದು ಗಂಟೆ ಓಡಿಸಿ ಎಲ್ಲಾ ಸರಿ ಇದೆ ಅಂದರು, ಬಿಲ್ ಕೊಟ್ಟು ಊಟದ ಹೊತ್ತಿಗೆ ಹೊರಟುಹೋದರು. ಊಟದ ಹೊತ್ತು ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಗುಂಪಿಗೆ ನಾನು ಬರೆದ ಮೊದಲ ಇ-ಮೇಲ್ ಇದು: "ಸರ್, ನಮ್ಮ ಸಾರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ದಯವಿಟ್ಟು ಪರಿಹಾರ ತಿಳಿಸಿ." ಇಷ್ಟೇ, ಇಂಗ್ಲಿಷಿನಲ್ಲಿ, ಅದೂ ತಮ್ಮನ ಮಗನ ಹತ್ತಿರ ತಿದ್ದಿಸಿ.

ಗುಂಪಿಗೆ ಹೋಗಲೇ ಇಲ್ಲ. ಮಾಡರೇಟರ್ ವಾಪಸ್ ಕಳಿಸಿದರು. ಅವರು ಮಿಲ್ಲುಗಳಲ್ಲೇ ಕೆಲಸ ಮಾಡಿ ರಿಟೈರ್ ಆದ ಇಂಜಿನಿಯರ್. ಬೈಗುಳ ಇಲ್ಲ, ಸಮಾಧಾನವೂ ಇಲ್ಲ. ಐದು ಪ್ರಶ್ನೆ. ತೊಂದರೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ನಿಲ್ಲುತ್ತೆ? ಆಗ ಗಾಳಿಯ ಪ್ರೆಷರ್ ಎಷ್ಟು, ಕಂಪ್ರೆಸರ್ ಹತ್ತಿರ ಅಲ್ಲ, ಸಾರ್ಟರ್ ಒಳಗೆ ಹೋಗುವ ಕಡೆ? ಅದೇ ಗಾಳಿಯನ್ನು ಬೇರೆ ಯಾವ ಯಾವ ಕೆಲಸಕ್ಕೆ ಬಳಸುತ್ತೀರಿ? ಆ ಹೊತ್ತಿಗೆ ರೂಮಿನಲ್ಲಿ ಸೆಕೆ ಎಷ್ಟು? ಗಾಜು ಒರೆಸಿದ ಕೂಡಲೇ ಬದಲಾಗುತ್ತಾ, ಇಲ್ಲವಾ? ಇವಕ್ಕೆ ಉತ್ತರ ಸೇರಿಸಿ ಕಳಿಸಿ, ಗುಂಪಿಗೆ ಹಾಕುತ್ತೇನೆ ಅಂತ ಕೊನೆಯಲ್ಲಿ ಒಂದು ಸಾಲು.

ಸಿಟ್ಟು ಬಂತು. ಡಾಕ್ಟರ್ ಹತ್ತಿರ ಹೊಟ್ಟೆನೋವು ಅಂತ ಹೋದರೆ, ನೋವು ಯಾಕೆ ಬಂತು ಅಂತ ನೀನೇ ಬರೆದುಕೊಂಡು ಬಾ ಅಂದ ಹಾಗೆ. ನಾಲ್ಕು ದಿನ ಆ ಕಡೆ ತಿರುಗಿ ನೋಡಲಿಲ್ಲ. ಐದನೇ ದಿನ ಮತ್ತೆ ಕಪ್ಪು ಬೇಳೆ ಬಂತು, ಸಾಹುಕಾರರು ಒಂದು ಹಿಡಿ ತಂದು ನನ್ನ ಟೇಬಲ್ ಮೇಲೆ ಸುರಿದರು. ಮಾತಾಡಲಿಲ್ಲ, ಸುರಿದರು ಅಷ್ಟೇ.

ಮರುದಿನ ಹಳೇ ಡೈರಿಯೊಂದನ್ನು ಹಿಡಿದುಕೊಂಡು ಸಾರ್ಟರ್ ಪಕ್ಕ ಸ್ಟೂಲ್ ಹಾಕಿದೆ. ಅರ್ಧ ಗಂಟೆಗೊಮ್ಮೆ ಗಾಳಿಯ ಪ್ರೆಷರ್ ಮೀಟರ್ ನೋಡಿ ಬರೆಯೋದು. ಬೆಳಗ್ಗೆ 10ಕ್ಕೆ 6 ಕೆಜಿ. 10.30ಕ್ಕೆ 6. 11ಕ್ಕೆ 6. ಏಪ್ರಿಲ್ ತಿಂಗಳು, ತಗಡಿನ ಶೆಡ್ಡು, ನಮ್ಮೂರ ಬಿಸಿಲು ಗೊತ್ತಲ್ಲ. 12 ಗಂಟೆ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಮುಳ್ಳು ಮಾತ್ರ ಆರರ ಮೇಲೇ ಕೂತಿತ್ತು. ಸಾಕು ಎದ್ದುಬಿಡೋಣ ಅಂದುಕೊಂಡೆ. 12.50ಕ್ಕೆ ಮುಳ್ಳು ಜಾರತೊಡಗಿತು. ಐದು. ನಾಲ್ಕೂವರೆ. ನಾಲ್ಕು. ಟಕ್ ಟಕ್ ಅನ್ನುತ್ತಿದ್ದ ಸದ್ದು ಪುಸ್ ಪುಸ್ ಅಂತ ಆಯ್ತು. ಕೆಳಗೆ ಕೈ ಒಡ್ಡಿದರೆ ಹಳದಿ ಬೇಳೆ ಜೊತೆ ಕಪ್ಪು ಬೇಳೆ ಅಂಗೈ ಮೇಲೆ. ಅದೇ ಸಮಯಕ್ಕೆ ಗೋಡೆಯ ಆಚೆಯಿಂದ ಜೋರಾಗಿ ಸುಂಯ್ ಅಂತ ಗಾಳಿ ಸದ್ದು, ನಗು.

ಎದ್ದು ಹೋಗಿ ನೋಡಿದೆ. ಚೀಲ ತುಂಬುವ ಹುಡುಗರು ಊಟಕ್ಕೆ ಹೊರಟಿದ್ದರು. ಏರ್ ಗನ್ ಹಿಡಿದು ಒಬ್ಬರ ಮೈಮೇಲಿನ ಚುನಿ (ಸಿಪ್ಪೆ, ಬೇಳೆ ಪುಡಿ) ಧೂಳನ್ನು ಇನ್ನೊಬ್ಬರು ಊದಿ ತೆಗೆಯುತ್ತಿದ್ದರು. ಆರು ಜನ, ಸರದಿಯಲ್ಲಿ. ಆ ಗನ್ನಿನ ಪೈಪನ್ನು ಸಾರ್ಟರ್‌ಗೆ ಹೋಗುವ ಲೈನಿಗೇ ಟೀ ಜಾಯಿಂಟ್ ಹಾಕಿ ಎಳೆದಿದ್ದರು. ಎಳೆದವನು ಯಾರು ಅಂದರೆ ನಾನೇ, ಹಿಂದಿನ ದೀಪಾವಳಿ ಕ್ಲೀನಿಂಗ್ ಸಮಯದಲ್ಲಿ. ಸಂಜೆ ಶಿಫ್ಟ್ ಬಿಡುವಾಗಲೂ ಇದೇ ನಡೆಯುತ್ತಿತ್ತು. ಕಂಪ್ರೆಸರ್ ಹತ್ತಿರದ ಮೀಟರಿನಲ್ಲಿ ಇದು ಅಷ್ಟಾಗಿ ಗೊತ್ತೇ ಆಗುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಅದನ್ನೇ.

ಅಂದರೆ ಗುಂಪಿಗೆ ಪ್ರಶ್ನೆ ಹೋಗುವ ಮೊದಲೇ ಉತ್ತರ ಸಿಕ್ಕಿತ್ತು. ಆದರೂ ಎಲ್ಲಾ ಬರೆದು ಕಳಿಸಿದೆ, ಡೈರಿಯ ಲೆಕ್ಕದ ಸಮೇತ. ಈ ಸಲ ಅರ್ಧ ದಿನದಲ್ಲೇ ಬಿಟ್ಟರು. ಇಂದೋರಿನವರು, ಸಾರ್ಟರ್ ಪಕ್ಕ ಬೇರೆಯೇ ಒಂದು ಸಣ್ಣ ಟ್ಯಾಂಕ್ ಇಟ್ಟು ಅದರ ಹಿಂದೆ ನಾನ್ ರಿಟರ್ನ್ ವಾಲ್ವ್ ಹಾಕಿ, ಲೈನಿನಲ್ಲಿ ಪ್ರೆಷರ್ ಬಿದ್ದರೂ ಟ್ಯಾಂಕಿನದ್ದು ಹಿಂದಕ್ಕೆ ಹೋಗಲ್ಲ ಅಂದರು. ಅಕೋಲಾದ ಒಬ್ಬರು ಪೈಪಿನ ಸೈಜ್ ಕೇಳಿದರು. ಹೇಳಿದ ಮೇಲೆ, "ಅಷ್ಟು ಉದ್ದಕ್ಕೆ ಅರ್ಧ ಇಂಚಿನ ಪೈಪ್ ಹಾಕಿದ್ದೀರಾ?" ಅಂತ ಮತ್ತೊಂದು ಇ-ಮೇಲ್, ಅದರಲ್ಲಿ ಪ್ರಶ್ನೆ ಚಿಹ್ನೆ ಮೂರಿತ್ತು. ಮೂರನೆಯವರು ಮಷಿನ್ ಬಿಟ್ಟು ಹುಡುಗರ ಬಗ್ಗೆ ಬರೆದರು. ಅಷ್ಟು ಪ್ರೆಷರಿನ ಗಾಳಿಯನ್ನು ಮೈಗೆ ಹಿಡಿಯಬೇಡಿ, ಕಣ್ಣು ಕಿವಿಗೆ ಪೆಟ್ಟಾಗುತ್ತೆ, ಚರ್ಮದಲ್ಲಿ ಗಾಯ ಇದ್ದರೆ ಗಾಳಿ ಒಳಗೇ ಹೋಗಬಹುದು, ಇದು ಆಟದ ಸಾಮಾನಲ್ಲ ಅಂತ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಟ್ಯಾಂಕ್, ವಾಲ್ವ್ ಹಾಕಿದ್ದಾಯ್ತು, ಪೈಪ್ ಬದಲಾಯಿಸಿದ್ದಾಯ್ತು. ಗನ್ ತೆಗೆದಿಟ್ಟು ಉದ್ದ ಹಿಡಿಯ ಬ್ರಷ್ ತಂದುಕೊಟ್ಟೆ. ಹುಡುಗರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. "ಅಣ್ಣ, ಬ್ರಷ್‌ಲೆ ಧೂಳ ಹೋಗಲ್ರಿ, ಮೈ ಕಡೀಲಕತ್ತದ" ಅಂತಾರೆ. ಖರೇ ಇದೆ, ಹೋಗಲ್ಲ.

ಎಲ್ಲಾ ಚರ್ಚೆಯೂ ಹೀಗೆ ಛಂದ ಇರುತ್ತೆ ಅಂತಲ್ಲ. ಒಮ್ಮೆ ರಿಕವರಿ ಬಗ್ಗೆ ಜಗಳ ಹತ್ತಿತು. ನೂರು ಕೆಜಿ ತೊಗರಿಗೆ ಎಷ್ಟು ಬೇಳೆ ಬರುತ್ತೆ ಅನ್ನೋದು ನಮ್ಮ ಧಂಧೆಯಲ್ಲಿ ಮೀಸೆ ಮೇಲೆ ಕೈ ಹಾಕಿದ ಹಾಗೆ. ತೊಗರಿ ಕಾಳಿನಲ್ಲಿ ಸಿಪ್ಪೆ, ಮೊಳಕೆ ಕಣ್ಣು ತೆಗೆದರೆ ಉಳಿಯುವ ಬೇಳೆ ಭಾಗವೇ ಸುಮಾರು 85 ಕೆಜಿ. ಮಿಲ್ಲುಗಳಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು 70ರಿಂದ 75. ಉಳಿದದ್ದು ಪುಡಿಯಾಗಿ ನುಚ್ಚಾಗಿ ಚುನಿ ಜೊತೆ ದನಕ್ಕೆ ಹೋಗುತ್ತೆ. ಅಂಥದ್ದರಲ್ಲಿ ಒಬ್ಬರು ನಮ್ಮಲ್ಲಿ 82 ಬರುತ್ತೆ ಅಂದುಬಿಟ್ಟರು. ಹಂಗಾದರೆ ನಾವೇನು ಮಣ್ಣು ತಿನ್ನುತ್ತೀವಾ ಅಂತ ಉಳಿದವರು. ಸಿಪ್ಪೆ ಬಿಡಿಸಲು ಎಣ್ಣೆ ಹಚ್ಚುವವರು, ಬರೀ ನೀರು ಸಿಂಪಡಿಸುವವರು ಅಂತ ಎರಡು ಪಾರ್ಟಿ ಆಯ್ತು. ಮೂರನೇ ದಿನ ಮಾಡರೇಟರ್ ಎರಡೇ ಪ್ರಶ್ನೆ ಕೇಳಿದರು. ಸಿಪ್ಪೆ ಹೋಗಿಯೂ ಒಡೆಯದೆ ಉಳಿದ ಗೋಟಾ ಕಾಳನ್ನು ನೀವು ಬೇಳೆ ಲೆಕ್ಕದಲ್ಲಿ ಹಿಡಿದಿದ್ದೀರಾ? ಮಾಲು ತೂಗಿದ್ದು ಕ್ಲೀನಿಂಗ್ ಮೊದಲಾ, ಆಮೇಲಾ? 82ರ ಸಾಹೇಬರಿಂದ ಇವತ್ತಿನವರೆಗೂ ಉತ್ತರ ಬಂದಿಲ್ಲ. ಚರ್ಚೆಯನ್ನು ಅಲ್ಲಿಗೆ ಮುಚ್ಚಿದರು. ಪಂಚಾಯ್ತಿ ಕಟ್ಟೆಯಲ್ಲಿ ಇಷ್ಟು ಬೇಗ ನ್ಯಾಯ ಆಗಿದ್ದನ್ನು ನಾನಂತೂ ನೋಡಿಲ್ಲ.

ನಾನು ಜಾಸ್ತಿ ಬಳಸುವುದು ಹಳೇ ಪತ್ರಗಳ ದಾಸ್ತಾನನ್ನು. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುತ್ತಲ್ಲ, ಹಸಿ ಇರುತ್ತೆ. ತೊಗರಿಗೆ ಸಿಪ್ಪೆ ಮತ್ತು ಬೇಳೆ ನಡುವೆ ಅಂಟು ಜಾಸ್ತಿ. ರೋಲರಿನಲ್ಲಿ ಗೀರಿ, ಎಣ್ಣೆ ಸವರಿ, ರಾತ್ರಿ ಗುಡ್ಡೆ ಹಾಕಿ, ಮೂರ್ನಾಲ್ಕು ದಿನ ಅಂಗಳದಲ್ಲಿ ಹರವಿದರೂ ಒಮ್ಮೊಮ್ಮೆ ಬಿಡಲ್ಲ. ಹೋದ ಜನವರಿಯಲ್ಲಿ ಹಾಗೇ ಆಯ್ತು. ಹುಡುಕುವ ಜಾಗದಲ್ಲಿ ಹೊಸ ಮಾಲು, ಸಿಪ್ಪೆ ಅಂತ ಹಾಕಿದೆ. ಹಳೇ ಚರ್ಚೆ ಒಂದು ಸಿಕ್ಕಿತು, ಹದಿನಾಲ್ಕು ಉತ್ತರ. ಹೊರಗೆ ಒಣಗಿದೆ ಅನ್ನಿಸಿದರೂ ಗುಡ್ಡೆಯ ನಡುವಿನ ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಿ, ಕಟ್ ಅನ್ನದೆ ಮೆತ್ತಗೆ ಒಡೆದರೆ ಇನ್ನೊಂದು ಬಿಸಿಲು ಕೊಡಿ ಅಂತ ಒಬ್ಬರು ಬರೆದಿದ್ದರು. ನಮ್ಮ ಮಿಲ್ಲಿನ ಹಳೇ ಹಮಾಲರೊಬ್ಬರು ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಾರೆ. ನಾನು ಅವರನ್ನು ಕೇಳಿರಲಿಲ್ಲ.

ಈ ದಾಸ್ತಾನಿನಲ್ಲೂ ದೊಡ್ಡ ತೂತಿದೆ. ಗುಂಪು ಮೊದಲು ಯಾಹೂ ಗ್ರೂಪ್ಸ್‌ನಲ್ಲಿ ಇತ್ತಂತೆ. ಆ ಸೇವೆಯೇ 2020ರ ಡಿಸೆಂಬರ್ 15ಕ್ಕೆ ಮುಚ್ಚಿತು. ಅದಕ್ಕೂ ವರ್ಷದ ಮೊದಲೇ, ಹಳೆಯದೆಲ್ಲಾ ಅಳಿಸುತ್ತೇವೆ, ಬೇಕಾದವರು ಇಳಿಸಿಕೊಳ್ಳಿ ಅಂತ ಹೇಳಿದ್ದರು. ಗುಂಪಿನವರು ಅರ್ಧಂಬರ್ಧ ಉಳಿಸಿಕೊಂಡರು. ಪತ್ರಗಳು ಇವೆ, ಜೊತೆಗಿದ್ದ ಫೋಟೋ, ಡ್ರಾಯಿಂಗ್ ಬಹಳಷ್ಟು ಹೋಗಿವೆ. "ಕೆಳಗಿನ ಚಿತ್ರ ನೋಡಿ" ಅಂತ ಇರುತ್ತೆ, ಕೆಳಗೆ ಏನೂ ಇರಲ್ಲ. ಆಗ ಹೊಟ್ಟೆ ಉರಿಯುತ್ತೆ ನೋಡಿ.

ಉಳಿದ ತಕರಾರುಗಳನ್ನೂ ಹೇಳಿಬಿಡುತ್ತೇನೆ. ಮಾಡರೇಟರ್ ಒಬ್ಬರೇ. ಅವರಿಗೆ ಜ್ವರ ಬಂದರೆ ಗುಂಪಿಗೂ ಜ್ವರ. ಒಂದು ಸಲ ಎಂಟು ದಿನ ಒಂದು ಪತ್ರವೂ ಬರಲಿಲ್ಲ, ಆಮೇಲೆ ಗೊತ್ತಾಯ್ತು, ಮನೆಯಲ್ಲಿ ಮದುವೆ. ಭಾಷೆ ಇಂಗ್ಲಿಷ್, ಅಲ್ಲಲ್ಲಿ ಹಿಂದಿ. ನಮ್ಮ ಕಡೆಯವರಿಗೆ ಹಿಂದಿ ಪರವಾಗಿಲ್ಲ, ಇಂಗ್ಲಿಷಿನಲ್ಲಿ ಬರೆಯೋದೇ ಬೆಟ್ಟ ಹತ್ತಿದ ಹಾಗೆ. ನನಗಿಂತ ಹುಷಾರಾದ ಮಿಸ್ತ್ರಿಗಳು ಕಲಬುರಗಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಇದೇ ಒಂದು ಕಾರಣಕ್ಕೆ ಹೊರಗೇ ಉಳಿದಿದ್ದಾರೆ. ಗುಂಪಿನ ಪತ್ರಗಳು ಕೆಲವೊಮ್ಮೆ ಸ್ಪ್ಯಾಮ್‌ಗೆ ಹೋಗಿ ಬೀಳುತ್ತವೆ, ವಾರಕ್ಕೊಮ್ಮೆ ಅಲ್ಲಿ ಇಣುಕಿ ನೋಡಬೇಕು. ಶುರುವಿನಲ್ಲಿ ಪ್ರತಿ ಪತ್ರವೂ ಬೇರೆ ಬೇರೆ ಬಂದು ಫೋನ್ ಟಿಂಗ್ ಟಿಂಗ್ ಅನ್ನುತ್ತೆ. ಸೆಟ್ಟಿಂಗ್‌ನಲ್ಲಿ ಡೈಜೆಸ್ಟ್ ಅಂತ ಆರಿಸಿಕೊಂಡರೆ ಎಲ್ಲಾ ಒಟ್ಟುಗೂಡಿ ಒಂದೇ ಕಟ್ಟಾಗಿ ಬರುತ್ತೆ. ನಾನು ರಾತ್ರಿ ಊಟ ಆದ ಮೇಲೆ ಓದುತ್ತೇನೆ.

ಕನ್ನಡದ್ದೇ ಒಂದು ಪ್ರಸಂಗ ಇದೆ. ಗುಂಪಿನಲ್ಲಿ ಬೆಳಗಾವಿ ಕಡೆಯ ಒಬ್ಬರಿದ್ದಾರೆ. ಕಂಪ್ರೆಸರ್ ವಿಷಯ ಬಂದಾಗ ಅವರಿಗೆ ಮಾತ್ರ ಅಂತ ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ನಮ್ಮ ಸಾಹುಕಾರರು ಹೊಸ ಕಂಪ್ರೆಸರ್ ಅಂದ ಕೂಡಲೇ ಹೇಗೆ ಕಿವುಡರಾಗುತ್ತಾರೆ, ಮಗಳ ಮದುವೆಗೆ ಎಷ್ಟು ಸುರಿದರು, ಎಲ್ಲಾ. ಒತ್ತಿದ್ದು ರಿಪ್ಲೈ. ಅದು ಹೋಗೋದು ಗುಂಪಿಗೆ. ಕಳಿಸಿದ ಎರಡು ನಿಮಿಷಕ್ಕೆ ಹೊಳೆಯಿತು, ಕೈಕಾಲು ತಣ್ಣಗಾಯ್ತು. ಯಾಕಂದರೆ ಸಾಹುಕಾರರ ಅಳಿಯ ಲಾತೂರಿನಲ್ಲಿ ಇದೇ ಧಂಧೆ, ಗುಂಪಿನಲ್ಲಿ ಅವರ ಮಿಲ್ಲಿನವರೂ ಇದ್ದಾರೆ. ರಾತ್ರಿಯಿಡೀ ನಿದ್ದೆ ಇಲ್ಲ. ಬೆಳಗ್ಗೆ ಮಾಡರೇಟರ್ ಪತ್ರ ಬಂದಿತ್ತು, ನನ್ನೊಬ್ಬನಿಗೆ: "ಇದು ನನಗೆ ಅರ್ಥವಾಗಲಿಲ್ಲ. ಗುಂಪಿಗೆ ಹಾಕಬೇಕಾ? ಹಾಕೋದಾದರೆ ಹಿಂದಿಯಲ್ಲೋ ಇಂಗ್ಲಿಷಲ್ಲೋ ಬರೆದು ಕಳಿಸಿ." ಬೇಡ ಸರ್, ಬೇಡವೇ ಬೇಡ ಅಂತ ಬರೆದೆ. ಅವರಿಗೆ ಕನ್ನಡ ಬರಲ್ಲ ಅನ್ನೋದಕ್ಕೆ ಅವತ್ತು ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದೆ.

ಅದಾದ ಮೇಲೆ ಅವರೇ, ನೀವೀಗ ಹಳಬರು, ಇನ್ನು ಮುಂದೆ ನಿಮ್ಮ ಪತ್ರ ನೇರವಾಗಿ ಹೋಗಲಿ ಅಂತ ಅನುಮತಿ ಕೊಟ್ಟರು. ಹಳೇ ಸದಸ್ಯರಿಗೆ ಹಾಗೆ ಕೊಡುತ್ತಾರೆ. ನಾನು ಕೈ ಮುಗಿದು ಬೇಡ ಅಂದೆ. ನನ್ನದನ್ನು ಓದಿಯೇ ಬಿಡಿ ಸರ್.

ಸ್ಟಾರ್ ಕೊಡು ಅಂದರೆ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಕನ್ನಡಕ್ಕೆ.

ಈಗ ಎಲಿವೇಟರ್ ಕಾಟ ಶುರುವಾಗಿದೆ. ಮೇಲೆ ಹೋದ ಮಾಲಿನಲ್ಲಿ ಒಂದಷ್ಟು ವಾಪಸ್ ಕೆಳಗೆ ಬಿದ್ದು ಬುಡದಲ್ಲಿ ತುಂಬಿಕೊಳ್ಳುತ್ತಿದೆ. ಈ ಸಲ ನಾನು ಜಾಣ, ಬೆಲ್ಟಿನ ಅಗಲ, ಮೋಟರಿನ ಆರ್‌ಪಿಎಂ, ಯಾವ ಹೊತ್ತು, ಎಷ್ಟು ಕೆಜಿ ಎಲ್ಲಾ ತುಂಬಿಸಿ ಶನಿವಾರ ಕಳಿಸಿದ್ದೆ. ನಿನ್ನೆ ರಾತ್ರಿ ವಾಪಸ್ ಬಂದಿದೆ. "ಎಲಿವೇಟರಿನ ತಲೆಯ ಹತ್ತಿರ ಬಕೆಟ್ ಖಾಲಿಯಾಗೋದನ್ನ ಕಣ್ಣಾರೆ ನೋಡಿದ್ದೀರಾ?" ಅಂತ ಕೇಳಿದ್ದಾರೆ. ನೋಡಿಲ್ಲ. ನಲವತ್ತು ಅಡಿ ಏಣಿ, ಮೇಲೆ ಕಾದ ತಗಡು. ಟಾರ್ಚಿಗೆ ಸೆಲ್ ತರಲು ಹುಡುಗನನ್ನು ಕಳಿಸಿದ್ದೇನೆ, ಬಿಸಿಲು ಇಳಿದ ಮೇಲೆ ಹತ್ತಬೇಕು.